ಗಡಿಯಾರ ನುಡಿದ ಸಾಕ್ಷಿ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ಮಲಗುತ್ತದೆ, ತೆರೆದರೆ ಏಳುತ್ತದೆ ಎಂದು ನಂಬಿರುವವರು ಪುಣ್ಯವಂತರು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡ ನನ್ನಂಥವರಿಗೆ ನಿದ್ದೆಯಲ್ಲೂ ದರ್ಜೆಗಳಿವೆ ಎಂಬುದು ಬಲುಬೇಗ ತಿಳಿದುಬಿಡುತ್ತದೆ. 1996ರಲ್ಲಿ ಬಂದ ಎಸಿಪಿಐ ಎಂಬ ನಿಯಮಾವಳಿ ಈ ದರ್ಜೆಗಳಿಗೆಲ್ಲ ಸಂಖ್ಯೆ ಕೊಟ್ಟಿದೆ. ಎಸ್3 ಎಂದರೆ ಕೋಳಿನಿದ್ದೆ. ಮಿಕ್ಕವರೆಲ್ಲ ಮಲಗಿದರೂ ಚಾಲ್ತಿ ಕೆಲಸವನ್ನು ನೆನಪಿಟ್ಟುಕೊಳ್ಳುವ ರ‍್ಯಾಮ್ ಒಂದು ಎಚ್ಚರವಾಗಿದ್ದು ಬ್ಯಾಟರಿಯನ್ನು ಗುಟುಕರಿಸುತ್ತಿರುತ್ತದೆ. ಎಸ್4 ಎಂದರೆ ಹೈಬರ್ನೇಷನ್. ರ‍್ಯಾಮಿನಲ್ಲಿದ್ದುದನ್ನೆಲ್ಲ ಡಿಸ್ಕಿನಲ್ಲಿ ಸ್ವಾಪ್ ಎಂದು ಮೀಸಲಿಟ್ಟ ಜಾಗಕ್ಕೆ ಬರೆದಿಟ್ಟು ಯಂತ್ರ ಪೂರ್ತಿಯಾಗಿ ಆರಿಹೋಗುತ್ತದೆ. ತಿಂಗಳು ಬಿಟ್ಟು ಬಂದು ಗುಂಡಿ ಒತ್ತಿದರೂ ಅರ್ಧಕ್ಕೆ ನಿಲ್ಲಿಸಿದ ವಾಕ್ಯದ ತುದಿಯಲ್ಲಿ ಕರ್ಸರ್ ಮಿನುಗುತ್ತಿರಬೇಕು. ಇದು ವಾಗ್ದಾನ.

ನನ್ನ ಯಂತ್ರ ವಾಗ್ದಾನದ ಮೊದಲ ಅರ್ಧವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಮಲಗು ಎಂದರೆ ಮಲಗುತ್ತಿತ್ತು. ಏಳು ಎಂದಾಗ ಮಾತ್ರ ಕಪ್ಪು ಪರದೆ, ತಿರುಗುವ ಫ್ಯಾನು, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪಕ್ಕೂ ಬೇಸರ. ಲಿನಕ್ಸಿನ ತಿರುಳಾದ ಕರ್ನಲಿನ ಹಳೆಯ ಆವೃತ್ತಿಯನ್ನು ಆರಿಸಿಕೊಂಡು ಬೂಟ್ ಮಾಡಿದರೆ ಏನೂ ತೊಂದರೆಯಿಲ್ಲ. ಆಪಾದಿತ ಹೊಸ ಕರ್ನಲ್ ಎಂಬುದಕ್ಕೆ ಇಷ್ಟು ಸಾಕು.

"ಆಫ್ ಮಾಡಿ ಆನ್ ಮಾಡಿದರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದು ನನ್ನ ಹೆಂಡತಿ ಕೇಳಿದಳು. ಗಂಟು ಹೋಗುವುದಿಲ್ಲ ನಿಜ. ಆದರೆ ಇದು ಗಂಟಿನ ವಿಷಯವಾಗಿ ಉಳಿದಿರಲಿಲ್ಲ.

ಎರಡು ಕರ್ನಲ್ ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಾಗಿರುತ್ತವೆ. ಗಿಟ್ ಬೈಸೆಕ್ಟ್ ಎಂಬ ಉಪಾಯದಲ್ಲಿ ಅವನ್ನು ಅರ್ಧ, ಅರ್ಧದ ಅರ್ಧ ಎಂದು ಸೀಳುತ್ತ ಹೋದರೆ 14 ಹೆಜ್ಜೆಗಳ ಆಸುಪಾಸಿನಲ್ಲಿ ತಪ್ಪು ಸಿಕ್ಕಿಬೀಳುತ್ತದೆ ಎನ್ನುತ್ತದೆ ಗಣಿತ. ಪ್ರತಿ ಹೆಜ್ಜೆಗೂ ಕರ್ನಲನ್ನು ಕಂಪೈಲ್ ಮಾಡಬೇಕು, ಮಲಗಿಸಬೇಕು, ಎಬ್ಬಿಸಬೇಕು ಎಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಸುಲಭದ ದಾರಿ ಹಿಡಿದೆ. ಯಂತ್ರ ತನ್ನ ಆಗುಹೋಗುಗಳನ್ನು ಬರೆದಿಡುವ ಲಾಗ್ ಓದೋಣ ಎಂದುಕೊಂಡೆ.

ಲಾಗಿನಲ್ಲಿ ಏನೂ ಇರಲಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ. ಘಟನೆ ನಡೆಯುವ ಹೊತ್ತಿಗೆ ಲಾಗ್ ಬರೆಯುವ ಪ್ರೋಗ್ರಾಮನ್ನು ಹೆಪ್ಪುಗಟ್ಟಿಸಿ ಆಗಿದೆ, ಬರೆಸಿಕೊಳ್ಳುವ ಡಿಸ್ಕ್ ಮಲಗಿದೆ, ತೋರಿಸಬೇಕಾದ ಪರದೆ ಆರಿದೆ. ಸಾಕ್ಷಿಗಳಿಗೆಲ್ಲ ಜೋಗುಳ ಹಾಡಿ ಮಲಗಿಸಿದ ಮೇಲೆಯೇ ಅಪರಾಧ ನಡೆಯುವ ವಿಚಿತ್ರ ವ್ಯವಸ್ಥೆ ಇದು.

ಒಳಗೆ ನಡೆಯುವುದೇನು ಎಂದು ಓದಿಕೊಂಡ ಮೇಲೆ ನನಗೆ ಆಶ್ಚರ್ಯವಾದದ್ದು ಹೈಬರ್ನೇಷನ್ ಕೆಡುವುದಕ್ಕಲ್ಲ, ಅದು ಎಂದಾದರೂ ಸರಿಯಾಗಿ ನಡೆಯುತ್ತದಲ್ಲ ಎಂಬುದಕ್ಕೆ. ಕರ್ನಲ್ ಮೊದಲು ಎಲ್ಲ ಪ್ರೋಗ್ರಾಮುಗಳನ್ನೂ ಇದ್ದಲ್ಲೇ ನಿಲ್ಲಿಸುತ್ತದೆ. ಗುಂಪು ಫೋಟೋ ತೆಗೆಯುವವನು "ಯಾರೂ ಅಲ್ಲಾಡಬೇಡಿ" ಎನ್ನುವ ಹಾಗೆ. ಯಾರಾದರೂ ಒಪ್ಪದಿದ್ದರೆ 20 ಸೆಕೆಂಡು ಕಾದು, ಇಂಥವನು ನಿಲ್ಲಲು ನಿರಾಕರಿಸಿದ ಎಂದು ಬರೆದಿಟ್ಟು ಕಾರ್ಯಕ್ರಮವನ್ನೇ ರದ್ದು ಮಾಡುತ್ತದೆ. ಎಲ್ಲರೂ ಒಪ್ಪಿದರೆ ಸಾಧನಗಳನ್ನು ಒಂದೊಂದಾಗಿ ನಿಲ್ಲಿಸಿ ನೆನಪಿನ ಪ್ರತಿ ತೆಗೆಯುತ್ತದೆ. ಪ್ರತಿಯೂ ಅದೇ ರ‍್ಯಾಮಿನಲ್ಲೇ ಕೂರಬೇಕಾದ್ದರಿಂದ ಅದು ಒಟ್ಟು ರ‍್ಯಾಮಿನ ಅರ್ಧವನ್ನು ಮೀರುವಂತಿಲ್ಲ. ಕರ್ನಲ್ ತಾನಾಗಿ ಇಟ್ಟುಕೊಳ್ಳುವ ಗುರಿ ಐದರಲ್ಲಿ ಎರಡು ಪಾಲು.

ಇನ್ನು ಮುಂದಿನದು ಕ್ರೌರ್ಯ. ಪ್ರತಿಯನ್ನು ಡಿಸ್ಕಿಗೆ ಬರೆಯಬೇಕು, ಡಿಸ್ಕ್ ಮಲಗಿದೆ. ಆದ್ದರಿಂದ ಈಗಷ್ಟೇ ಮಲಗಿಸಿದ ಸಾಧನಗಳನ್ನೆಲ್ಲ ಎಬ್ಬಿಸು, ಬರೆ, ಮತ್ತೆ ಮಲಗಿಸು, ಆಫ್ ಮಾಡು. ಏಳುವಾಗಿನ ಕಥೆ ಇನ್ನೂ ಸೊಗಸು. ಗುಂಡಿ ಒತ್ತಿದಾಗ ಎದ್ದು ಬರುವುದು ಮಲಗಿದ್ದ ಕರ್ನಲ್ ಅಲ್ಲ, ಹೊಸದಾಗಿ ಬೂಟ್ ಆದ ಇನ್ನೊಂದು. ಅದು ಡಿಸ್ಕನ್ನು ಎಬ್ಬಿಸಿ, ಸ್ವಾಪಿನಲ್ಲಿದ್ದ ಪ್ರತಿಯನ್ನು ಓದಿ, ಸಾಧನಗಳನ್ನು ಪುನಃ ನಿಲ್ಲಿಸಿ, ಹಳೆಯ ಕರ್ನಲನ್ನು ತನ್ನ ಜಾಗದಲ್ಲೇ ಹರಡಿ ತಾನು ಅಳಿದುಹೋಗುತ್ತದೆ. ಇಂಥ ತ್ಯಾಗಕ್ಕೆ ಒಂದು ಧನ್ಯವಾದದ ಸಾಲೂ ಪರದೆಯ ಮೇಲೆ ಮೂಡುವುದಿಲ್ಲ. ಹಳೆಯ ಕರ್ನಲ್ ಕಣ್ಣುಜ್ಜಿಕೊಂಡು ಸಾಧನಗಳಿಗೆ "ಏಳಿ" ಎನ್ನುತ್ತದೆ. ಇಷ್ಟು ಸಲ ಎಬ್ಬಿಸಿ ಮಲಗಿಸಿಕೊಂಡ ಮೇಲೆ ಸಾಧನವನ್ನು ನಡೆಸುವ ಯಾವುದೋ ಒಂದು ಡ್ರೈವರ್ ಮುನಿಸಿಕೊಂಡರೆ ಅದನ್ನು ಬೈಯುವ ಬಾಯಿ ನನಗಂತೂ ಇಲ್ಲ.

ಕರ್ನಲಿನಲ್ಲಿ ಇದಕ್ಕೆಂದೇ ಪಿಎಂ (ಪವರ್ ಮ್ಯಾನೇಜ್ಮೆಂಟ್) ಟೆಸ್ಟ್ ಎಂಬ ಸೌಕರ್ಯವಿದೆ. ಮೊದಲು ಪ್ರೋಗ್ರಾಮುಗಳನ್ನಷ್ಟೇ ನಿಲ್ಲಿಸಿ ನೋಡು, ಆಮೇಲೆ ಸಾಧನಗಳನ್ನೂ, ಆಮೇಲೆ ಯಂತ್ರದಲ್ಲೇ ಹುದುಗಿರುವ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು, ಪ್ರೊಸೆಸರುಗಳನ್ನು, ಕೊನೆಗೆ ಒಳತಿರುಳನ್ನು. ಒಂದೊಂದು ಹಂತದಲ್ಲೂ ಐದು ಸೆಕೆಂಡು ಮಲಗಿದಂತೆ ಮಾಡಿ ತಾನೇ ಎದ್ದು ಬರುತ್ತದೆ. ನನ್ನ ಯಂತ್ರ ಎಲ್ಲ ಹಂತಗಳಲ್ಲೂ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಪರೀಕ್ಷೆ ಮುಗಿದ ಸಂತೋಷಕ್ಕೆ ನಿಜವಾಗಿ ಮಲಗಿಸಿದೆ. ಕಪ್ಪು ಪರದೆ.

ಉಳಿದದ್ದು ಯಂತ್ರ ಎಲ್ಲಿ ಸಿಕ್ಕಿಕೊಂಡಿತೆಂದು ಪತ್ತೆಹಚ್ಚುವ ಪಿಎಂ ಟ್ರೇಸ್. ಅದನ್ನು 2006ರಲ್ಲಿ ಬರೆದವರು ಲಿನಕ್ಸಿನ ಜನಕ ಸಾಕ್ಷಾತ್ ಲೈನಸ್ ಟೋರ್ವಾಲ್ಡ್ಸ್. ಬರೆದವರೇ ಕೋಡಿನೊಳಗಿನ ಟಿಪ್ಪಣಿಯಲ್ಲಿ ಅದನ್ನು ಬೈದುಕೊಂಡಿದ್ದಾರೆ, ಅಷ್ಟು ಹೇಸಿಗೆಯ ಉಪಾಯ. ಅಷ್ಟೇ ಚತುರ ಉಪಾಯವೂ ಹೌದು. ಯಂತ್ರ ಸ್ತಬ್ಧವಾಗಿ, ನಾವು ಗುಂಡಿ ಅದುಮಿ ಹಿಡಿದು ಮತ್ತೆ ಬೂಟ್ ಮಾಡಿದಾಗ ಒಳಗಿನ ಎಲ್ಲ ನೆನಪೂ ಅಳಿಸಿಹೋಗುತ್ತದೆ. ಅಳಿಯದೆ ಉಳಿಯುವುದು ಪುಟ್ಟ ಬ್ಯಾಟರಿಯ ಮೇಲೆ ಓಡುವ ಗಡಿಯಾರವೊಂದೇ. ಸರಿ, ಸುಳಿವನ್ನು ಗಡಿಯಾರದಲ್ಲೇ ಬಚ್ಚಿಡೋಣ! ಪ್ರತಿ ಸಾಧನವನ್ನು ಮುಟ್ಟುವ ಮುನ್ನ ಕರ್ನಲ್ ಅದರ ಹೆಸರನ್ನು ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನು ದಿನಾಂಕವಾಗಿಸಿ ಗಡಿಯಾರಕ್ಕೆ ತುಂಬುತ್ತದೆ. 100 ವರ್ಷ, 12 ತಿಂಗಳು, ಎಲ್ಲ ತಿಂಗಳಲ್ಲೂ ಇರುವಂತೆ 28 ದಿನ, 24 ಗಂಟೆ, ಮೂರು ಮೂರು ನಿಮಿಷದ 20 ತುಂಡು. ಒಟ್ಟು 1,61,28,000 ಬಗೆಯ ಸುಳಿವು ಹಿಡಿಸುತ್ತದೆ. ಗಡಿಯಾರ ಓಡುತ್ತಲೇ ಇರುವುದರಿಂದ ಮೂರು ನಿಮಿಷದೊಳಗೆ ಮರುಬೂಟ್ ಮಾಡಬೇಕು, ತಡಮಾಡಿದರೆ ಸಾಕ್ಷಿ ಹೇಳಿಕೆ ಬದಲಿಸಿಬಿಡುತ್ತದೆ.

ಸಾಕ್ಷಿಯನ್ನು ಹೀಗೆ ಬಳಸಿಕೊಂಡರೆ ಅದರ ಮೂಲ ಕಸುಬು ಕೆಡುತ್ತದೆ ಎಂಬ ಎಚ್ಚರಿಕೆ ದಾಖಲೆಯಲ್ಲಿದೆ. ಎಷ್ಟು ಕೆಡುತ್ತದೆ ಎಂಬುದು ಮನೆಯಲ್ಲಿ ಗೊತ್ತಾಯಿತು. ಎದ್ದ ಯಂತ್ರ 2060ರ ದಶಕಕ್ಕೆ ಹೋಗಿ ಕುಳಿತಿತ್ತು. ಬ್ರೌಸರ್ ಯಾವ ತಾಣವನ್ನೂ ತೆರೆಯಲೊಲ್ಲದು, ಅದರ ಲೆಕ್ಕದಲ್ಲಿ ಜಗತ್ತಿನ ಎಲ್ಲ ಭದ್ರತಾ ಪ್ರಮಾಣಪತ್ರಗಳ ಅವಧಿಯೂ ಮುಗಿದಿತ್ತು. ಕ್ಯಾಲೆಂಡರು ನನ್ನ ಮಿಕ್ಕ ಆಯುಷ್ಯದ ಅಷ್ಟೂ ಕೆಲಸಗಳನ್ನು "ಬಾಕಿ" ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. ಸರಿಪಡಿಸಿ ಪುನಃ ಪ್ರಯತ್ನಿಸಿದರೆ ಈ ಸಲ ಯಂತ್ರ ಹಿಂದಕ್ಕೆ ಹೋಗಿತ್ತು. ಪ್ರಮಾಣಪತ್ರಗಳು ಇನ್ನೂ ಹುಟ್ಟಿರಲಿಲ್ಲ.

ನಡುವೆ ಎಲ್ಲೋ ಮಗಳು ಬಂದು ತನ್ನ ಶಾಲೆಯ ಬರಹವನ್ನು ಅದರಲ್ಲೇ ಬರೆದು ಉಳಿಸಿದ್ದಳು. "ಅಪ್ಪಾ, ನನ್ನ ಫೈಲಿನ ಮೇಲೆ 2063 ಎಂದು ಬಂದಿದೆ. ಅಲ್ಲಿಯವರೆಗೂ ಸಮಯವಿದೆ ಎಂದು ಟೀಚರಿಗೆ ಹೇಳಲೇ?" ಎಂದಳು. ಸಮಸ್ಯೆಯ ಪ್ರಯೋಜನ ಕಂಡುಕೊಂಡವಳು ಮನೆಯಲ್ಲಿ ಅವಳೊಬ್ಬಳೇ.

ಕೊನೆಗೊಮ್ಮೆ ಸುಳಿವು ಲಾಗಿನಲ್ಲಿ ಮೂಡಿತು. ಹೊಂದಿಕೆಯಾದ ಹೆಸರುಗಳು ಎರಡು. ಒಂದು ವೈಫೈ ಕಾರ್ಡು, ಇನ್ನೊಂದು ಕ್ಯಾಮೆರಾ. ಸಾಧನದ ಹೆಸರಿಗೆ ಈ ಪದ್ಧತಿಯಲ್ಲಿ ಇರುವುದು 1,009 ಸಂಖ್ಯೆಗಳು ಮಾತ್ರ, ಹಾಗಾಗಿ ಒಂದೇ ಸಂಖ್ಯೆಯ ಇಬ್ಬರು ಒಟ್ಟಿಗೆ ಕಟಕಟೆಗೆ ಬರುವುದುಂಟು. ಕ್ಯಾಮೆರಾದ ಕಣ್ಣಿಗೆ ನಾನು ಮೊದಲಿನಿಂದಲೂ ಕಾಗದದ ಚೂರು ಅಂಟಿಸಿದ್ದೆ. ದ್ವೇಷಕ್ಕೆ ಕಾರಣವಿತ್ತು, ಶಂಕೆ ಸಹಜವಾಗಿ ಅದರ ಮೇಲೆಯೇ ಹೋಯಿತು. ಆದರೆ ಅದರ ಡ್ರೈವರ್ ತೆಗೆದು ಮಲಗಿಸಿದಾಗಲೂ ಯಂತ್ರ ಏಳಲಿಲ್ಲ. ವೈಫೈ ಡ್ರೈವರ್ ತೆಗೆದು ಮಲಗಿಸಿದೆ. ಎದ್ದಿತು. ಅರ್ಧಕ್ಕೆ ನಿಂತಿದ್ದ ವಾಕ್ಯದ ತುದಿಯಲ್ಲಿ ಕರ್ಸರ್ ಮಿನುಗಿತು. ಆ ವಾಕ್ಯದಲ್ಲಿ ಏನು ಹೇಳಹೊರಟಿದ್ದೆನೋ ನನಗೇ ಮರೆತುಹೋಗಿತ್ತು.

ಮದ್ದು ಸಣ್ಣದು. ಮಲಗುವ ಮುನ್ನ ವೈಫೈ ಡ್ರೈವರನ್ನು ಇಳಿಸಿ, ಎದ್ದ ಮೇಲೆ ಏರಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂ-ಡಿ ಹುಡುಕುವ ಜಾಗದಲ್ಲಿ ಇಟ್ಟೆ. ಮನೆಯವರನ್ನೆಲ್ಲ ಕರೆದು ಮುಚ್ಚಿ ತೆರೆದು ತೋರಿಸಿದೆ. "ಮೊದಲೂ ಹೀಗೇ ಇತ್ತಲ್ಲವೇ?" ಎಂದಳು ಹೆಂಡತಿ.

ಮುಂದಿನ ವಾರ ಫರ್ಮ್‌ವೇರಿಗೆ ಅಪ್‌ಡೇಟ್ ಬಂತು. ಅದು ಹೋಗುವಾಗ ಬೂಟ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆನ್ ಮಾಡಿ ಹೋಯಿತು. 2019ರ 5.4ನೇ ಆವೃತ್ತಿಯಿಂದ ಕರ್ನಲಿನಲ್ಲಿ ಲಾಕ್‌ಡೌನ್ ಎಂಬ ವ್ಯವಸ್ಥೆಯಿದೆ. ಸೆಕ್ಯೂರ್ ಬೂಟ್ ಇದ್ದಾಗ ಅನೇಕ ಲಿನಕ್ಸ್ ವಿತರಣೆಗಳು ಅದನ್ನು ಜಾರಿಗೊಳಿಸುತ್ತವೆ. ಡಿಸ್ಕಿನಲ್ಲಿ ಮಲಗಿರುವ ಪ್ರತಿಯನ್ನು ಯಾರಾದರೂ ತಿದ್ದಿಟ್ಟರೆ, ಏಳುವಾಗ ಆ ತಿದ್ದುಪಡಿಯೇ ಕರ್ನಲ್ ಆಗಿ ಎದ್ದುಬಿಡಬಹುದು. ಆ ಭಯಕ್ಕೆ ಹೈಬರ್ನೇಷನ್ನಿಗೇ ಬೀಗ. ವಾದದಲ್ಲಿ ಹುಳುಕಿಲ್ಲ, ನಾನೇ ನ್ಯಾಯಾಧೀಶನಾಗಿದ್ದರೂ ಒಪ್ಪುತ್ತಿದ್ದೆ. ಈ ಸಲ ಕಪ್ಪು ಪರದೆಯಿಲ್ಲ, ಗಡಿಯಾರದ ಹಂಗಿಲ್ಲ, ಪತ್ತೇದಾರಿಕೆ ಬೇಕಿಲ್ಲ. ಮೆನುವಿನಲ್ಲಿ ಹೈಬರ್ನೇಟ್ ಎಂಬ ಆಯ್ಕೆಯೇ ಇಲ್ಲ. ಲಾಗಿನಲ್ಲಿ ಒಂದು ಸಾಲು: ಹೈಬರ್ನೇಷನ್ ನಿರ್ಬಂಧಿತ, ವಿವರಕ್ಕೆ ಕೈಪಿಡಿ ನೋಡಿ. ಅಷ್ಟು ದಿನಗಳಲ್ಲಿ ಕರ್ನಲ್ ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.