ನಿಶ್ಚಯದ ಮನೆಯಲ್ಲಿ ಚಿಕ್ಕಮಗಳೂರು

ಕಲಬುರಗಿಯ ಬಿಸಿಲಿಗೆ ಅಂಜದವರೂ ಇಬ್ಬರು ಬೀಗರ ನಡುವಿನ ರಾಜಕೀಯಕ್ಕೆ ಅಂಜಬೇಕು. ಬಿಸಿಲಿಗಾದರೆ ಸಂಜೆ ಎಂಬುದೊಂದಿದೆ.

ನಮ್ಮ ಕಾಕಾ ಒಂದು ಪಕ್ಷ. ಅವರ ಮಗಳನ್ನು ಸೊಸೆಯಾಗಿ ತಂದುಕೊಳ್ಳಲಿರುವ ಚಿಂಚೋಳಿಯ ಬೀಗರು ಇನ್ನೊಂದು ಪಕ್ಷ. ನಿಶ್ಚಯದ ಮಾತಿಗೆ ಕುಳಿತಾಗ ಮೊದಲಿಗೆ ತೊಗರಿಯ ಬೆಲೆ ಬಂತು, ಎಲ್ಲ ಸುಖವಾಗಿತ್ತು. ಬೆಲೆ ಸಾಲದು ಎನ್ನುವುದರಲ್ಲಿ ಪಕ್ಷಭೇದವಿಲ್ಲ. ಅಲ್ಲಿಂದ ಮಾತು ನಮ್ಮ ಭಾಗದವರಿಗೆ ನೇಮಕಾತಿಯಲ್ಲಿ ಮೀಸಲಾತಿಗೆ ದಾರಿ ಮಾಡಿಕೊಟ್ಟ 371(ಜೆ) ವಿಧಿಗೆ ಜಾರಿತು. ಸಂವಿಧಾನಕ್ಕೆ 2012ರ ತಿದ್ದುಪಡಿಯಿಂದ ಆ ವಿಧಿ ಸೇರಿಸಿದ್ದೇ ದೊಡ್ಡ ಕೆಲಸ ಎಂದರು ಒಬ್ಬರು. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿದ್ದೇ ದೊಡ್ಡದು ಎಂದರು ಇನ್ನೊಬ್ಬರು. ಇಲ್ಲಿಯವರೆಗೆ ಚರ್ಚೆ ಎನ್ನಬಹುದು. ಆಮೇಲೆ ಕಾಕಾ ಬೀಗರ ಬೋಳುತಲೆಯನ್ನು ಪ್ರಸ್ತಾಪಿಸಿದರು. ಬೀಗರು ಕಾಕಾರ ಹೊಟ್ಟೆಯನ್ನು ಎತ್ತಿಕೊಂಡರು. ಅದು ಎತ್ತಲು ಸುಲಭದ ವಸ್ತುವಲ್ಲ.

ವಿಧಿಯ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಲಿ, ಚಹಾ ಹಿಡಿದು ಕುಳಿತು ಕೇಳುತ್ತೇನೆ. ಆದರೆ ನೇಮಕಾತಿಯ ಮೀಸಲಾತಿಗೂ ತಲೆಗೂದಲಿಗೂ ಏನು ಸಂಬಂಧ? ವಾದದ ಸರಕು ತೀರಿದವರೇ ಎದುರಿನವರ ಮೈಮೇಲೆ ಹುಡುಕಲು ಹೊರಡುವುದು.

ಮಂಡಕ್ಕಿ ಸುಸಲಾ, ಮಿರ್ಚಿ ಹಿಡಿದು ಬಂದ ಕಾಕು ತಟ್ಟೆಗಳನ್ನು ಕೊಡದೆ ನಿಂತರು. "ಬೈಯುವುದಿದ್ದರೆ 'ತಾವು' ಎಂದೇ ಬೈಯಬೇಕು. ಇಲ್ಲವಾದರೆ ಮಿರ್ಚಿ ಒಳಗೆ ಹೋಗುತ್ತದೆ." ಎಣ್ಣೆಯಿಂದ ಆಗತಾನೆ ಎದ್ದ ಮಿರ್ಚಿ; ಹಿಟ್ಟಿನ ಸಿಪ್ಪೆ ಬಿರಿದ ಕಡೆ ಹಸಿರು ಇಣುಕುತ್ತಿತ್ತು. ಇಬ್ಬರೂ ಒಪ್ಪಿದರು.

"ತಾವು ಹುಟ್ಟಾ ದಡ್ಡರಾಗಿದ್ದೀರಿ, ಬೀಗರೇ," ಎಂದರು ಕಾಕಾ, ಕೈಮುಗಿದು.

"ತಮ್ಮ ಆಶೀರ್ವಾದ. ತಮ್ಮ ತಲೆಯಲ್ಲಿರುವ ಸಗಣಿಯವರು ಕ್ಷೇಮವೇ?"

ಬಾಗಿಲ ಮರೆಯಲ್ಲಿದ್ದ ಮದುಮಗಳೇ ಮೊದಲು ನಕ್ಕದ್ದು. ಮರ್ಯಾದೆಯಿಂದ ಬೈಯಲು ವಾಕ್ಯ ಕಟ್ಟಬೇಕಾಗುತ್ತದೆ, ಕಟ್ಟುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ಆದರೂ ಬೀಗರು ಸುಮ್ಮನಾಗಲಿಲ್ಲ. "ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರೇ ನಿಂತವರು, ಗೊತ್ತೇ?"

ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜ ಬಾಯಿ ತೆರೆದರು. "ನಿಂತರು, ಸೋತರು. 1980ರಲ್ಲಿ ಅದೇ ಇಂದಿರಾ ಅವರ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವರೂ ಆದರು. ಆ ಚಿಕ್ಕಮಗಳೂರು ಚುನಾವಣೆಯ ಸಲುವಾಗಿ ನಮ್ಮ ಓಣಿಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ ನೋಡಿ, ಅವರು ಇನ್ನೂ ಮಾತಾಡಿಲ್ಲ."

ಸ್ವಲ್ಪ ಹೊತ್ತು ಮಿರ್ಚಿ ಕಡಿಯುವ ಸದ್ದೊಂದೇ. (ಖಾರ ಬಾಯಲ್ಲಿದ್ದಾಗ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ. ಸುದ್ದಿವಾಹಿನಿಗಳು ಚರ್ಚೆಗೆ ಕರೆದವರಿಗೆ ಚಹಾದ ಬದಲು ಇದನ್ನೇ ಕೊಡಬಾರದೇಕೆ?)

ಪಂಚಾಂಗ ಬಿಡಿಸಿದ ಅಯ್ಯನವರು ಲಗ್ನಕ್ಕೆ ಎರಡು ಮುಹೂರ್ತ ಹೇಳಿದರು. ಮೊದಲನೆಯದು ಬಹಳ ಪ್ರಶಸ್ತವಂತೆ, ಗುರುಬಲ ತುಂಬಿ ತುಳುಕುತ್ತಿದೆಯಂತೆ. ಬೀಗರು ಕಾಕಾರ ಮುಖ ನೋಡಿದರು, ಕಾಕಾ ಬೀಗರ ಮುಖ ನೋಡಿದರು.

"ಅಂದು ಮತ ಎಣಿಕೆ ಇದೆ!" ಇಬ್ಬರೂ ಒಂದೇ ಉಸಿರಿನಲ್ಲಿ ಕೂಗಿದರು.

ಎರಡನೆಯ ಮುಹೂರ್ತ ಗಟ್ಟಿಯಾಯಿತು. ಎಣಿಕೆಯ ದಿನ ಟಿ.ವಿ. ನೋಡಲು ಬೀಗರು ನಮ್ಮಲ್ಲಿಗೇ ಬರುತ್ತಾರಂತೆ. ಕಾಕು ಈಗಲೇ ಮೆಣಸಿನಕಾಯಿ ಲೆಕ್ಕ ಹಾಕುತ್ತಿದ್ದಾರೆ.