ಅನಾಯಾಸೇನ ಮರಣಂ

ಉಡುಪಿಯ ಕೃಷ್ಣಮಠದಲ್ಲಿ ಕನಕನ ಕಿಂಡಿಯ ಮುಂದೆ ನಿಂತು ನನ್ನ ಅಜ್ಜಿ ಪ್ರತಿ ಸಲವೂ ಬೇಡುತ್ತಿದ್ದುದು ಒಂದನ್ನೇ: ‘ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ.’ ಅವರು ತೀರಿಕೊಂಡದ್ದು ಮನೆಯ ಚಾವಡಿಯಲ್ಲಿ, ಚಾಪೆಯ ಮೇಲೆ. ಮೂರು ದಿನ ಮೊದಲೇ ಊಟ ಬಿಟ್ಟಿದ್ದರು; ಯಾರೂ ಒತ್ತಾಯಿಸಲಿಲ್ಲ. ಅಪ್ಪ ತುಳಸಿಯೆಲೆಯ ತುದಿಯಿಂದ ಹನಿಹನಿಯಾಗಿ ನೀರು ಬಿಟ್ಟರು. ಗಲ್ಲಕ್ಕೆ ಇಳಿದ ಹನಿಯನ್ನು ಹೆಗಲ ಬೈರಾಸಿನಿಂದ ಒರೆಸಿದರು.

ಅದೇ ಅಪ್ಪನಿಗೆ ಆ ನೀರು ದಕ್ಕಲಿಲ್ಲ. ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಹನ್ನೊಂದು ದಿನ ವೆಂಟಿಲೇಟರಿನಲ್ಲಿದ್ದರು. ನಮಗೆ ದಿನಕ್ಕೆರಡು ಸಲ, ಐದೈದು ನಿಮಿಷ. ಬಾಯಿಯಲ್ಲಿ ಕೊಳವೆಯಿತ್ತು, ತುಳಸಿಗೆ ಜಾಗವಿರಲಿಲ್ಲ. ವೈದ್ಯರನ್ನು ದೂರುವಂತಿಲ್ಲ, ‘ಏನಾದರೂ ಮಾಡಿ’ ಎಂದು ಕೈಮುಗಿದವರು ನಾವೇ. ಸಾಕು ಎಂದವರೇ ಕೊಂದವರಾಗುತ್ತೇವೆಂಬ ಭಯದಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಮಾತ್ರ ಯಾವುದನ್ನೂ ಕಡಿಮೆ ಮಾಡಲಿಲ್ಲ.

ಆ ಭಯಕ್ಕೆ ಕಾನೂನಿನಲ್ಲಿ ಈಗ ಉತ್ತರವಿದೆ. ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ‘ಲಿವಿಂಗ್ ವಿಲ್’ ಅನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಒಪ್ಪಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿದ್ದರಿಂದ ಹೆಚ್ಚಿನವರು ಆ ಕಡೆ ಸುಳಿಯಲಿಲ್ಲ. 2023ರಲ್ಲಿ ನಿಯಮ ಸಡಿಲಗೊಂಡು, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಹಾಕಿದರೆ ಸಾಕೆಂದಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿತು. ಪತ್ರವಿದ್ದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ, ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಇದು ದಯಾಮರಣದ ಚುಚ್ಚುಮದ್ದಲ್ಲ. ಅದಕ್ಕೆ ನಮ್ಮಲ್ಲಿ ಅನುಮತಿಯಿಲ್ಲ.

ಇದನ್ನು ನಾಸ್ತಿಕರ ಕಾಗದವೆಂದು ಭಾವಿಸುವ ಬಂಧುಗಳು ನನಗಿದ್ದಾರೆ. ಆಯುಷ್ಯ ದೇವರ ಕೈಯಲ್ಲಿದೆ ಎನ್ನುವವರು ವೆಂಟಿಲೇಟರನ್ನು ಅವನ ಕೈಯೆಂದು ತಿಳಿದದ್ದು ಯಾವಾಗ ಎಂಬುದೇ ನನಗೆ ಅರ್ಥವಾಗುವುದಿಲ್ಲ. ವ್ರತ, ಮಡಿಗಳನ್ನು ಹೆಚ್ಚು ಪಾಲಿಸದ ನನ್ನಲ್ಲಿ ಉಳಿದಿರುವ ಅಧ್ಯಾತ್ಮವೆಂದರೆ ಬಹುಶಃ ಅಜ್ಜಿಯ ಆ ಒಂದು ಸಾಲು; ಅವರು ಕಿಂಡಿಯ ಮುಂದೆ ಕೇಳಿದ್ದನ್ನು ನಾನು ಛಾಪಾಕಾಗದದ ಮೇಲೆ ಕೇಳುತ್ತಿದ್ದೇನೆ.

ಸಾಕ್ಷಿ ಹಾಕೆಂದಾಗ ತಮ್ಮ, ‘ಎಂತ ಅಕ್ಕ, ಈಗಲೇ ಇದೆಲ್ಲ ಬೇಕಾ?’ ಎಂದು ಕಾಗದವನ್ನು ಪೇಪರಿನಡಿಗೆ ತಳ್ಳಿದ. ಎರಡು ವಾರದ ಬಳಿಕ, ಏನೂ ಹೇಳದೆ ಪೆನ್ನು ಕೇಳಿದ. ಕೊನೆಯ ಹೊತ್ತಿಗೆ ಬಾಯಲ್ಲಿ ಕೊಳವೆ ಇರಬಾರದು, ಹತ್ತಿರವಿದ್ದವರು ತುಳಸಿನೀರು ಬಿಡಬೇಕು ಎಂದು ಕೆಳಗೆ ಬರೆದಿದ್ದೆ. ಅದಕ್ಕೆ ಕಾನೂನಿನ ಬೆಲೆಯಿಲ್ಲವೆಂದು ನೋಟರಿಯವರು ನಕ್ಕರು. ಇರಲಿ ಬಿಡಿ ಎಂದೆ. ಅವರು ಅದರ ಕೆಳಗೇ ಮೊಹರು ಒತ್ತಿದರು.