ಸೂಪರ್‌ವಿಷನ್ ಅಂದರೆ ಲೆಕ್ಕ ಒಪ್ಪಿಸುವುದಲ್ಲ

"ನಾಳೆ ಸೂಪರ್‌ವಿಷನ್ ಇದೆ, ಮುಗಿದ ಮೇಲೆ ಫೋನ್ ಮಾಡ್ತೀನಿ" ಅಂದರೆ ಅಮ್ಮ ಇವತ್ತಿಗೂ ಕೇಳುವುದು ಒಂದೇ ಪ್ರಶ್ನೆ. "ಏನೋ, ಏನಾದ್ರೂ ತಪ್ಪು ಮಾಡಿದ್ಯಾ?" ನಮ್ಮ ಕಡೆ ಸೂಪರ್‌ವೈಸರ್ ಅಂದರೆ ಗಾರ್ಮೆಂಟ್ಸ್‌ನಲ್ಲಿ ಪೀಸ್ ಎಣಿಸುವವರು, ಇಲ್ಲ ಕಟ್ಟಡದ ಕೆಲಸದಲ್ಲಿ ನಿಂತು ಕೂಗುವವರು. ಅಮ್ಮ ಇನ್ನೇನು ಅಂದುಕೊಳ್ಳಬೇಕು?

ನಾನು ಮೆಲ್ಬರ್ನ್‌ನಲ್ಲಿ ಪೀರ್ ಸಪೋರ್ಟ್ ವರ್ಕರ್, ಅಂದರೆ ಮಾನಸಿಕ ಕಾಯಿಲೆಯನ್ನು ತಾನೇ ಅನುಭವಿಸಿ, ಈಗ ಅದೇ ಕಷ್ಟದಲ್ಲಿರುವವರಿಗೆ ಜೊತೆಯಾಗುವವನು. ವಯಸ್ಸು ಇಪ್ಪತ್ತು ದಾಟುತ್ತಿದ್ದಂತೆ ಬೈಪೋಲಾರ್ ಕಾಯಿಲೆ ಬಂತು, ಬೆಂಗಳೂರಿನಲ್ಲಿ ಎರಡು ಸಲ ಮಾನಸಿಕ ಚಿಕಿತ್ಸೆಯ ವಾರ್ಡ್ ಸೇರಿದ್ದೆ. ಆಗ ಮುಚ್ಚಿಟ್ಟಿದ್ದೇ ಈಗ ನನ್ನ ಅರ್ಹತೆ. ಇಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, ಕೂತು, 2021ರಲ್ಲಿ ಅದರ ಕೊನೆಯ ವರದಿ ಬಂದ ಮೇಲೆ ನಮ್ಮಂಥವರಿಗೆ ಕೆಲಸ ಜಾಸ್ತಿಯಾಯಿತು.

ಈ ಕೆಲಸದಲ್ಲಿ ಒಂದು ತೊಂದರೆ ಇದೆ. ಪ್ಲಂಬರ್ ಸಂಜೆ ಸ್ಪ್ಯಾನರ್ ಕೆಳಗಿಟ್ಟು ಮನೆಗೆ ಹೋಗುತ್ತಾನೆ. ನನ್ನ ಸ್ಪ್ಯಾನರ್ ನನ್ನದೇ ಹಳೇ ಗಾಯ, ಅದನ್ನು ಎಲ್ಲಿ ಇಡಲಿ? ಯಾರನ್ನೋ ನಾಲ್ಕು ಜನ ಹಿಡಿದು ಇಂಜೆಕ್ಷನ್ ಕೊಡುವುದನ್ನು ನೋಡಿದ ದಿನ ರಾತ್ರಿ ಹನ್ನೆರಡಾದರೂ ನನ್ನ ತೋಳು ನೋಯುತ್ತಿರುತ್ತದೆ.

ಅದಕ್ಕೇ ತಿಂಗಳಿಗೊಮ್ಮೆ ಒಂದು ಗಂಟೆ ಈ ಸೂಪರ್‌ವಿಷನ್. ಎದುರಿಗೆ ಕೂರುವವರು ನನ್ನ ಮ್ಯಾನೇಜರ್ ಅಲ್ಲ, ಇದೇ ದಾರಿಯಲ್ಲಿ ನನಗಿಂತ ಮುಂಚೆ ನಡೆದ ಇನ್ನೊಬ್ಬ ಪೀರ್. ಶೆರಿ ಮೀಡ್ ಅವರು ಅಮೆರಿಕದಲ್ಲಿ ಶುರುಮಾಡಿದ ಇಂಟೆನ್ಷನಲ್ ಪೀರ್ ಸಪೋರ್ಟ್ ಪದ್ಧತಿಯಲ್ಲಿ ಇದಕ್ಕೆ ಕೋ-ರಿಫ್ಲೆಕ್ಷನ್ ಅನ್ನುತ್ತಾರೆ, ಅಂದರೆ ಇಬ್ಬರೂ ಸೇರಿ ತಿರುಗಿ ನೋಡುವುದು. ಒಂದು ಸಲ ನಾನು ಒಬ್ಬರ ಬಗ್ಗೆ ಹೇಳುತ್ತಾ "ಅವರಿಗೆ ತಮ್ಮ ಕಾಯಿಲೆಯ ಅರಿವೇ ಇಲ್ಲ, ಕೋಆಪರೇಟ್ ಮಾಡಲ್ಲ" ಅಂದುಬಿಟ್ಟೆ. ಎದುರಿಗಿದ್ದ ಆ ಹಿರಿಯ ಪೀರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಮಾತನ್ನು ನಿನ್ನ ಬಗ್ಗೆ ಯಾರು ಹೇಳಿದ್ದರು?" ಅಂತ ಕೇಳಿದರು. ನನ್ನ ಕೇಸ್ ಶೀಟಿನಲ್ಲಿದ್ದ ಮಾತೇ ಅದು! ಡಾಕ್ಟರು, ನರ್ಸ್‌ಗಳ ಮಧ್ಯೆ ವರ್ಷಗಟ್ಟಲೆ ಇದ್ದು ಅವರ ಭಾಷೆ ನನ್ನ ಬಾಯಿಗೆ ಬಂದಿತ್ತು, ನನಗೇ ಗೊತ್ತಾಗಿರಲಿಲ್ಲ.

ಇಲ್ಲಿ ಎಲ್ಲಾ ಚೆನ್ನಾಗಿದೆ ಅಂದುಕೊಳ್ಳಬೇಡಿ. ನನ್ನ ಮೊದಲ ಕೆಲಸದಲ್ಲಿ ಮ್ಯಾನೇಜರೇ ಸೂಪರ್‌ವೈಸರ್. ಮೂರು ರಾತ್ರಿ ನಿದ್ದೆ ಬಂದಿಲ್ಲ ಅಂತ ನಂಬಿ ಹೇಳಿದೆ. ಮುಂದಿನ ವಾರ ನನ್ನ ಶಿಫ್ಟ್ ಕಡಿಮೆಯಾಯಿತು, "ನಿನ್ನ ಒಳ್ಳೆಯದಕ್ಕೆ". ಆಮೇಲೆ ಒಂದು ವರ್ಷ ಆ ಕೋಣೆಯಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡಲಿಲ್ಲ. ರಜೆಗೆ ಸಹಿ ಹಾಕುವ ಕೈಯ ಮುಂದೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

ಕರ್ನಾಟಕಕ್ಕೆ ಪೀರ್ ಕೆಲಸ ಹೊಸದಲ್ಲ, ಇದನ್ನು ಮೆಲ್ಬರ್ನಿನವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಕುಡಿತ ಬಿಟ್ಟವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಲ್ಲಿ ಹೊಸಬರಿಗೆ ಜೊತೆಯಾಗುವ ಹಳಬ, ಅಂದರೆ ಸ್ಪಾನ್ಸರ್‌ಗೂ ಒಬ್ಬ ಸ್ಪಾನ್ಸರ್ ಇರುತ್ತಾನೆ. ಎಚ್‌ಐವಿ ಕೆಲಸದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಪೀರ್‌ಗಳಾಗಿ ಬೀದಿ ಬೀದಿ ಸುತ್ತಿದರು. ಅವರದೇ ಸಂಘಟನೆಯಾದ ಮೈಸೂರಿನ ಅಶೋದಯ ಸಮಿತಿಯ ಹೆಸರು ಹೊರದೇಶದಲ್ಲೂ ಕೇಳಿಬರುತ್ತದೆ. ಸರ್ಕಾರಿ ಕಾರ್ಯಕ್ರಮದ ಲೆಕ್ಕದಲ್ಲಿ ಸುಮಾರು 60 ಜನಕ್ಕೆ ಒಬ್ಬ ಪೀರ್.

ಬೇರೊಂದು ಊರಿನಲ್ಲಿ ಈ ಕೆಲಸ ಮಾಡಿದ ಗೆಳತಿಯೊಬ್ಬಳಿದ್ದಾಳೆ. ವಾರಕ್ಕೊಂದು ಮೀಟಿಂಗ್. ಎಷ್ಟು ಜನರನ್ನು ಕಂಡೆ, ಎಷ್ಟು ಜನ ರಕ್ತಪರೀಕ್ಷೆಗೆ ಬಂದರು, ಕಾಂಡೋಮ್ ಎಷ್ಟು ಹೋಯಿತು. "ಲೆಕ್ಕ ಕೇಳ್ತಾರೆ ಕಣೋ, ನನ್ನ ಕೇಳಲ್ಲ" ಅನ್ನುತ್ತಿದ್ದಳು. ಮೀಟಿಂಗ್ ಮುಗಿದ ಮೇಲೆ ನಾಲ್ಕೈದು ಜನ ಟೀ ಅಂಗಡಿ ಪಕ್ಕ ನಿಂತು ಅತ್ತು, ನಕ್ಕು, ಬೈದು ಮನೆಗೆ ಹೋಗುತ್ತಿದ್ದರು. ನನ್ನ ಕೇಳಿದರೆ ಅವರ ನಿಜವಾದ ಸೂಪರ್‌ವಿಷನ್ ಅದೇ. ಅಲ್ಲಿದ್ದ ಬಿಸಿ ನನ್ನ ಒಂದು ಗಂಟೆಯ ಅಪಾಯಿಂಟ್‌ಮೆಂಟಿನಲ್ಲಿ ಇಲ್ಲ. ಆದರೆ ಆ ಹೊತ್ತಿಗೆ ದುಡ್ಡಿಲ್ಲ, ಹೆಸರಿಲ್ಲ, ಹೇಳಿದ್ದು ಸಂಜೆಯೊಳಗೆ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಅವಳ ಒಂದು ಗುಟ್ಟು ಹಾಗೇ ಹೊರಬಿದ್ದು ಅವಳು ಕೆಲಸವನ್ನೇ ಬಿಟ್ಟಳು.

ಮೊನ್ನೆ ಫೋನಿನಲ್ಲಿ ಅವಳಿಗೆ ಹೇಳಿದೆ. ಆ ಟೀ ಹೊತ್ತನ್ನೇ ಕೆಲಸದ ಹೊತ್ತು ಅಂತ ಲೆಕ್ಕ ಹಾಕಿ ಗೌರವಧನ ಕೊಡಲಿ, ಕೇಳಿಸಿಕೊಳ್ಳೋಕೆ ಬೇರೆ ಜಿಲ್ಲೆಯ ಹಳೇ ಪೀರ್ ಒಬ್ಬರು ಬರಲಿ, ಆಗ ಮಾತು ಊರೊಳಗೆ ಸುತ್ತಲ್ಲ ಅಂತ.

ಅವಳು ನಕ್ಕಳು. "ಅದಕ್ಕೂ ಒಂದು ಫಾರ್ಮ್ ತುಂಬಿಸ್ತಾರೆ ನೋಡು."

ಇಲ್ಲೂ ಫಾರ್ಮ್ ಇದೆ ಅಂದೆ. ತಾರೀಖು, ಎಷ್ಟು ಹೊತ್ತು, ಇಬ್ಬರ ಸಹಿ. ಏನು ಮಾತಾಡಿದಿರಿ ಅನ್ನುವ ಕಾಲಂ ಮಾತ್ರ ಇಲ್ಲ.